ತೂಕದ ಪೆಟ್ಟಿಗೆಗೆ ಇಟ್ಟ ಗಂಧ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಒಲೆ ಮೇಲೆ ಹಾಲಿಟ್ಟು ಕಾಯುವಷ್ಟು ಹೊತ್ತೂ ಅಂಗಳಕ್ಕೆ ಎರಡು ಸಲ ಹೋಗಿ ಬರುವವಳು. ಅಂಥ ನನ್ನನ್ನು ಕಟ್ಟಿಕೊಂಡವರು, ತಕ್ಕಡಿಯ ಮುಳ್ಳು ಸೊನ್ನೆಗೆ ಬಂದು ನಿಲ್ಲುವುದನ್ನು ಉಸಿರು ಬಿಗಿಹಿಡಿದು ಕಾಲು ಗಂಟೆ ನೋಡಬಲ್ಲ ಮನುಷ್ಯ. ನಮ್ಮ ಮನೆಯವರು ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಾಲೇಜು ಲ್ಯಾಬುಗಳಲ್ಲಿ ತಕ್ಕಡಿ, ಮೈಕ್ರೋಸ್ಕೋಪು, ವರ್ನಿಯರ್ ಇತ್ಯಾದಿ ರಿಪೇರಿ ಮಾಡುತ್ತಿದ್ದರು. ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದರೆ ಮೂರೂ ಊರಿಂದ ಕರೆ ಬರುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಲ್ಯಾಬುಗಳಿಗೆ ಎಲೆಕ್ಟ್ರಾನಿಕ್ ತಕ್ಕಡಿಗಳು ಬಂದವು. ಹಳೆಯವನ್ನು ಕಾಲೇಜಿನವರು ಹರಾಜಿಗೆ ಹಾಕಿದರೆ ಇವರು ಕೊಂಡು ಮನೆಗೆ ತರುವರು. ನಮ್ಮ ಬಾಡಿಗೆ ಮನೆಯ ಜಗಲಿ ತುಂಬ ತಕ್ಕಡಿಗಳ ಗಾಜಿನ ಪೆಟ್ಟಿಗೆಗಳಾಗಿ, ಬಂದ ನೆಂಟರಿಗೆ ಚಾಪೆ ಹಾಸಲು ಜಾಗ ಇರಲಿಲ್ಲ. ಇವನ್ನು ಇಂಟರ್ನೆಟ್ಟಿನಲ್ಲಿ ಮಾರೋಣ ಎಂದವಳು ನಾನೇ. ಟೈಪಿಂಗ್ ಕಲಿತಿದ್ದೆ. ಬಸ್‌ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಸೆಂಟರಿನ ಕ್ಯಾಮೆರಾ ಎರವಲು ತಂದು ಫೋಟೋ ಹೊಡೆದೆ. ಇವರು ಒಂದೊಂದು ಸಾಮಾನಿಗೂ ಅರ್ಧ ಪುಟ ವಿವರ ಹೇಳುವರು, ನಾನು ಎರಡು ಸಾಲಿಗೆ ಇಳಿಸುವೆ. ಒಂದು ಫೋಟೋ ಏರುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಆಗೆಲ್ಲ ನನಗೆ ಬರುತ್ತಿದ್ದ ಸಿಟ್ಟು ಆ ಸೆಂಟರಿನವರಿಗೇ ಗೊತ್ತು.

ಆದರೂ ಸಾಮಾನು ಹೋಗತೊಡಗಿತು. ಎಲ್ಲೆಲ್ಲಿಯದೋ ಶಾಲೆಗಳು, ಸಣ್ಣ ಲ್ಯಾಬುಗಳು ಕೇಳಿ ಬರೆದವು. ಪ್ರತಿ ಪಾರ್ಸೆಲಿನೊಳಗೆ ಇವರು ಒಂದು ಚೀಟಿ ಇಡುತ್ತಿದ್ದರು: ನಾನೇ ಪರೀಕ್ಷಿಸಿದ್ದೇನೆ, ಸರಿ ಇದೆ. ಕೆಳಗೆ ಸಹಿ. ಅಷ್ಟು ಗತ್ತಿನಿಂದ ಇವರು ಬೇರೆಲ್ಲೂ ಸಹಿ ಹಾಕಿದ್ದನ್ನು ನಾನು ಕಂಡಿಲ್ಲ.

ಆ ವರ್ಷ ಬೇಸಗೆಯಿಂದಲೇ ಇವರ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ವಯಸ್ಸಿಗೆ ಬರುವಂಥದ್ದು, ಗಾಬರಿ ಬೇಡ ಎಂದರು ಡಾಕ್ಟರು. ಕೈ ನಡುಗದೆ ಇದ್ದರಷ್ಟೇ ಅನ್ನ ಹುಟ್ಟುವ ಕೆಲಸದವರಿಗೆ ಅದು ಸಮಾಧಾನ ಹೇಳುವ ಮಾತಲ್ಲ. ಚಿಮಟದಲ್ಲಿ ತೂಕ ಎತ್ತುವ ಮೊದಲು ಮಣಿಕಟ್ಟನ್ನು ಮೇಜಿಗೆ ಒತ್ತಿ, ನಡುಕ ಇಳಿಯುವವರೆಗೆ ಕಾದು, ಆಮೇಲೆ ಎತ್ತುತ್ತಿದ್ದರು. ನಾನು ನೋಡದವಳ ಹಾಗೆ ಒಳಗೆ ಹೋಗುತ್ತಿದ್ದೆ.

ನವರಾತ್ರಿಯ ಹೊತ್ತಿಗೆ ದೂರದ ಒಂದು ಲ್ಯಾಬಿನವರು ಒಂದು ತೂಕದ ಪೆಟ್ಟಿಗೆಯನ್ನು ಅವಸರದಲ್ಲಿ ಕೇಳಿದರು. ಮಖಮಲ್ಲಿನ ಗುಳಿಗಳಲ್ಲಿ ಕೂರಿಸಿದ ಹಿತ್ತಾಳೆ ತೂಕಗಳು, ಐವತ್ತು ಗ್ರಾಮಿನಿಂದ ಒಂದು ಗ್ರಾಮಿನವರೆಗೆ. ಪಕ್ಕದಲ್ಲಿ ಉಗುರಿನಷ್ಟು ತೆಳ್ಳಗಿನ ಮಿಲಿಗ್ರಾಮಿನ ತಗಡುಗಳು. ಇವರು ಎರಡು ದಿನ ಕೂತು ಒಂದೊಂದನ್ನೂ ತೂಗಿ ಸರಿಮಾಡಿ, ಚೀಟಿ ಬರೆದಿಟ್ಟರು.

ಮಾರನೇ ದಿನ ಆಯುಧ ಪೂಜೆ. ನಮ್ಮ ಕಡೆ ಆ ದಿನ ತರಕಾರಿ ಹೆಚ್ಚುವ ಮೆಟ್ಟುಗತ್ತಿಯಿಂದ ಹಿಡಿದು ಜೀಪಿನವರೆಗೆ ಯಾವುದನ್ನೂ ಬರೀ ಹಣೆಯಲ್ಲಿ ಬಿಡುವುದಿಲ್ಲ. ಇವರು ತಮ್ಮ ಸ್ಕ್ರೂಡ್ರೈವರ್, ಚಿಮಟಗಳ ಚೀಲಕ್ಕೆ ಒಂದು ಸೇವಂತಿಗೆ ಏರಿಸಿ, ಸ್ಕೂಟರ್ ತೊಳೆಯಲು ಹೋದರು. ತಕ್ಕಡಿಗಳ ಗಾಜಿಗೆ ನಾನು ಗಂಧ ಕುಂಕುಮ ಹಚ್ಚಿದೆ. ತೂಕದ ಪೆಟ್ಟಿಗೆ ತೆರೆದೇ ಇತ್ತು. ಇಷ್ಟು ದಿನ ನಮಗೆ ಅನ್ನ ಹಾಕಿದ್ದು ಇವೇ ಅಲ್ಲವೇ, ನಾಳೆ ಮನೆ ಬಿಟ್ಟು ಹೋಗುವಂಥವು ಎನಿಸಿ, ಒಂದೊಂದು ತೂಕದ ತಲೆಗೂ ಗಂಧ ಇಟ್ಟು ಅದರ ಮೇಲೆ ಕುಂಕುಮ ಇಟ್ಟೆ. ಮಾರನೇ ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೆಟ್ಟಿಗೆ ಮುಚ್ಚಿ, ಕೊರಿಯರ್ ಅಂಗಡಿ ತೆರೆಯುವುದನ್ನೇ ಕಾದು ಕೊಟ್ಟು ಬಂದೆ. ಬೆರಳಿನ ಜಿಡ್ಡೂ ತೂಗುತ್ತದೆ, ತೂಕವನ್ನು ಬೆರಳಲ್ಲಿ ಮುಟ್ಟಬಾರದೆಂದು ಇಪ್ಪತ್ತು ವರ್ಷದಿಂದ ಕೇಳಿದವಳು ನಾನು. ಪೂಜೆಗೆ ಮುಟ್ಟುವುದೂ ಮುಟ್ಟುವುದೇ ಎಂದು ಹೊಳೆಯಲಿಲ್ಲ.

ವಾರ ಕಳೆದ ಮೇಲೆ ಆ ಲ್ಯಾಬಿನವರ ಇಮೇಲ್ ಬಂತು. ಪ್ರಿಂಟ್ ತಂದು ಇವರಿಗೆ ಓದಿದೆ. ನಿಮ್ಮ ತೂಕಗಳು ನಿಜಕ್ಕಿಂತ ಹೆಚ್ಚು ತೂಗುತ್ತಿವೆ, ಹಿಂದೆ ಕಳಿಸಿದ್ದೇವೆ. ಇಷ್ಟು ಕೇಳುತ್ತಲೇ ಇವರು ಎದ್ದುಹೋದರು. ಮುಂದಿನ ಸಾಲನ್ನು ನಾನೊಬ್ಬಳೇ ಓದಿಕೊಂಡೆ: ಮಿಲಿಗ್ರಾಮಿನ ತಗಡುಗಳು ಮಾತ್ರ ಸರಿ ಇವೆ. ಅದರ ಅರ್ಥ ಆಗ ನನಗೆ ತಲೆಗೆ ಹೋಗಲಿಲ್ಲ.

ಪಾರ್ಸೆಲ್ ವಾಪಸು ಬಂದ ದಿನ ಪೆಟ್ಟಿಗೆ ತೆರೆದವಳೂ ನಾನೇ. ತೂಕಗಳ ತಲೆಯಲ್ಲಿ ಹಿಡಿಯಲು ಇರುವ ಗುಬುಟಿನ ಕೆಳಗಿನ ಸಂದಿನಲ್ಲಿ ಒಣಗಿದ ಗಂಧ ಕೂತಿತ್ತು. ಮಖಮಲ್ಲಿಗೆ ಕುಂಕುಮ ಹತ್ತಿತ್ತು. ಬೊಟ್ಟು ಇಡಲು ಜಾಗವಿಲ್ಲದ ತಗಡುಗಳಷ್ಟೇ ಚೊಕ್ಕವಾಗಿದ್ದವು. ಇಮೇಲಿನ ಆ ಸಾಲು ಈಗ ಅರ್ಥವಾಯಿತು.

ಆಗಲೇ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಪೆಟ್ಟಿಗೆ ಬಂದದ್ದನ್ನೇ ತಿಳಿಸದೆ ಒಳಗಿಟ್ಟು, ಇವತ್ತು ಸಂಜೆ, ನಾಳೆ ಬೆಳಗ್ಗೆ ಎಂದು ದೂಡಿದೆ. ಬಯ್ಯುತ್ತಾರೆಂಬ ಭಯವಲ್ಲ, ಇಪ್ಪತ್ತು ವರ್ಷ ಇವರ ನಿಧಾನವನ್ನು ಆಡಿಕೊಂಡವಳಿಗೆ ನನ್ನ ಅವಸರ ಮಾಡಿದ ಕೆಲಸವನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅಡುಗೆಮನೆಗೂ ಜಗಲಿಗೂ ತಿರುಗಿ ತಿರುಗಿ ಸಾಕಾಯಿತು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ಈ ನಡುವೆ ಇವರು ಎನ್.ಆರ್. ಪುರದ ಕಾಲೇಜಿಗೆ ಫೋನು ಮಾಡಿ, ಈ ಸಲ ಬೇರೆಯವರನ್ನು ನೋಡಿಕೊಳ್ಳಿ ಎಂದರು. ಆಮೇಲೆ ತಮ್ಮ ಚಿಮಟ, ಸ್ಕ್ರೂಡ್ರೈವರ್‌ಗಳ ಚೀಲವನ್ನು ನನ್ನ ಮುಂದೆ ಬಿಚ್ಚಿಟ್ಟರು.

"ಇದ್ನೂ ನೆಟ್ಟಿಗೆ ಹಾಕು ಮಾರಾಯ್ತಿ," ಎಂದರು. "ನಂಗೆ ಇನ್ನು ಎಂತಕ್ಕೆ ಇದು."

ಹಾಕುವುದಿಲ್ಲ ಎಂದರೆ ಕಾರಣ ಹೇಳಬೇಕಾಗುತ್ತಿತ್ತು. ಫೋಟೋ ಹೊಡೆದು ಹಾಕಿಬಿಟ್ಟೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಪೆಟ್ಟಿಗೆ ವಾಪಸು ಬಂದ ನಾಲ್ಕನೇ ದಿನ ಮಂಗಳೂರಿನವರೊಬ್ಬರು ಉತ್ತರ ಬರೆದಿದ್ದರು: ಚೀಲ ನಮಗೇ ಇರಲಿ, ಭಾನುವಾರ ಬಂದು ಒಯ್ಯುತ್ತೇವೆ. ಸೆಂಟರಿನ ಮೆಟ್ಟಿಲನ್ನು ಎರಡೆರಡಾಗಿ ಇಳಿದು, ಏದುಸಿರು ಬಿಡುತ್ತ ಮನೆಗೆ ಬಂದು, ಚಪ್ಪಲಿಯನ್ನೂ ಕಳಚದೆ ಹೇಳಿದೆ.

"ನಿಮ್ಮ ಕೈಯದು ತಪ್ಪಲ್ಲ. ನಾನು ತೂಕಕ್ಕೆಲ್ಲ ಗಂಧ ಇಟ್ಟಿದ್ದೆ, ಪೂಜೆ ದಿನ."

ಇವರು ನನ್ನಿಂದ ಪೆಟ್ಟಿಗೆ ತರಿಸಿ, ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು. ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಸಂದುಗೊಂದುಗಳನ್ನೆಲ್ಲ ತಿಕ್ಕಿದರು. ಒಣಗಿದ ಮೇಲೆ ತಕ್ಕಡಿಯ ಮುಂದೆ ಕೂತು, ಮಣಿಕಟ್ಟು ಮೇಜಿಗೆ ಒತ್ತಿ, ನಡುಕ ಇಳಿಯುವವರೆಗೆ ಕಾದು, ತೂಗಲು ಶುರುಮಾಡಿದರು. ಇವರು ಹೇಳಿದ್ದನ್ನು ನಾನು ಬರೆದುಕೊಂಡೆ. ಅಷ್ಟು ಹೊತ್ತು ಒಂದೇ ಕಡೆ ಕೂತದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಕೊನೆಯ ತೂಕದವರೆಗೂ ಎಲ್ಲ ಸರಿ ಇತ್ತು.

ನನಗೆ ಜೀವ ಬಂದಂತಾಯಿತು. ನೋಡಿ, ಕೈಗೆ ಏನೂ ಆಗಿಲ್ಲ, ಮಂಗಳೂರಿನವರಿಗೆ ಈಗಲೇ ಬರಬೇಡಿ ಅಂತ ಬರೆದು ಬರ್ತೇನೆ ಎಂದು ಎದ್ದೆ. ಪೆಟ್ಟಿಗೆ ಯಾವತ್ತು ಬಂತು ಎಂದು ಕೇಳಿದರು. ಸೋಮವಾರ ಎಂದೆ. ಚಿಮಟವನ್ನು ಕೆಳಗಿಟ್ಟರು.

"ನಾಲ್ಕು ದಿನ ನಾನು ಕಾಫಿ ಲೋಟಾನೂ ಎರಡು ಕೈಯಲ್ಲಿ ಹಿಡ್ಕೊಂಡೆ," ಎಂದರು. "ನೀನು ಎದುರಿಗೇ ಕೂತಿದ್ದೆ."

ಕೂತಿದ್ದೆ. ಎರಡು ಕೈಯನ್ನೂ ನಂಬದೆ, ಲೋಟವನ್ನು ಮೇಜಿನ ಮೇಲೇ ಬಿಟ್ಟು ಬಗ್ಗಿ ಕುಡಿದದ್ದನ್ನೂ ನೋಡಿದ್ದೆ.