ಆವುಲಪ್ಪನ ಹಿಂಜರಿತದ ಬೆಂಚು

ಹೊಸೂರು ಬಳಿಯ ಜೂಜುವಾಡಿಗೆ ಕೂಗಳತೆಯ ಊರೊಂದರ ವಾರ್ಡ್ ಮೆಂಬರ್ ಆವುಲಪ್ಪನಿಗೆ ತನ್ನ ಹೊಲದ ಕೋಸಿಗಿಂತ ಜಪಾನಿನ ಚಿಂತೆ ಹೆಚ್ಚು. ಮೂರು ಭಾಷೆಯ ಟೀವಿ ಸುದ್ದಿಯನ್ನೂ ನೋಡುತ್ತಿದ್ದ. ಕನ್ನಡದವರು ಮುಚ್ಚಿಟ್ಟ ಅಪಾಯವನ್ನು ತೆಲುಗಿನವರು ಬಾಯಿಬಿಟ್ಟಾರು ಅಂತ ಅವನ ಅನುಮಾನ.

ಹೋದ ವರ್ಷ ಕೃಷ್ಣಗಿರಿಯಲ್ಲಿ ಮೆಂಬರುಗಳಿಗೆ ತರಬೇತಿ ನಡೆಯಿತು. "ಪ್ರಪಂಚದ ಗತಿ ನೋಡಿ ಊರಿಗೆ ಯೋಜನೆ ಮಾಡಿ" ಅಂದರು ಅಧಿಕಾರಿ. ಉಳಿದವರ ಕಣ್ಣು ಊಟದ ಟೋಕನ್ ಮೇಲಿತ್ತು. ಆವುಲಪ್ಪ ಮಾತ್ರ ಆ ಮಾತನ್ನು ಗಂಟು ಕಟ್ಟಿಕೊಂಡು ಬಂದ.

"ಆರ್ಥಿಕ ಹಿಂಜರಿತ ಬತ್ತೈತೆ ಕಣೇ. ಯೂರೋಪೇ ಹಿಂಜರೀತೈತೆ" ಎಂದು ಹೆಂಡತಿ ರಾಮಕ್ಕನಿಗೆ ಹೇಳಿದ.

"ಯಾರಾರ ಹಿಂಜರೀಲಿ. ನೀನು ಮೂರ್ನೇ ಮುದ್ದೆಗೆ ಹಿಂಜರಿದಿದ್ದು ನಾನು ಕಾಣೆ."

ಗ್ರಾಮಸಭೆಯಲ್ಲಿ ಎದ್ದು ನಿಂತ. "ಯೂರೋಪಿನೋರು ಗಾಡಿ ಕೊಳ್ಳಾಕಿಲ್ಲ. ಹೊಸೂರ ಫ್ಯಾಕ್ಟರೀಲಿ ಶಿಫ್ಟು ಕಮ್ಮಿ ಆಯ್ತದೆ. ನಮ್ ಹುಡುಗ್ರು ಕೆಲ್ಸ ಇಲ್ದೆ ಬತ್ತಾರೆ. ಬಂದೋರು ಎಲ್ಲಿ ಕುಂತ್ಕೋತಾರೆ? ಯಾರಾರ ಯೋಚ್ನೆ ಮಾಡಿದ್ದೀರಾ?"

ಯಾರೂ ಮಾಡಿರಲಿಲ್ಲ. ಗಂಗಾದೇವಿ ಎಂಬಾಕೆ ಚರಂಡಿ ಬೇಕೆಂದಳು.

"ಚರಂಡೀಲಿ ಕುಂತ್ಕೊಳ್ಳೋಕಾಯ್ತದೇನಮ್ಮ?"

ಕೊನೆಗೆ ಬೆಂಚಿಗೇ ಠರಾವಾಯಿತು. ಹೆದ್ದಾರಿ ಪಕ್ಕದ ಹುಣಸೆಮರದಡಿ, ಊರ ಗಂಡಸರೆಲ್ಲ ಹಿಡಿಸುವಷ್ಟುದ್ದದ ಕಲ್ಲುಬೆಂಚು ಬಂತು.

ಹಿಂಜರಿತ ಬರಲಿಲ್ಲ. ಫ್ಯಾಕ್ಟರಿಗಳು ಓವರ್‌ಟೈಮ್ ಕೊಟ್ಟವು. ಹುಡುಗರು ಭಾನುವಾರವೂ ಊರಲ್ಲಿ ಕಾಣಲಿಲ್ಲ. ಬೆಂಚಿನ ಮೇಲೆ ಒಂದು ಕಡೆ ಮೇಕೆ, ಒಂದು ಕಡೆ ಒಣಹಾಕಿದ ಹಪ್ಪಳ, ನಡುವೆ ಆವುಲಪ್ಪ. ಫ್ಯಾಕ್ಟರಿ ಕೆಲಸಕ್ಕೆ ಹೊರಟ ಊರ ಹುಡುಗ ಶಶಿಕುಮಾರ್ ಬೈಕಿನಿಂದಲೇ "ಯೂರೋಪ್ ಬಂತೇನಣ್ಣಾ?" ಎಂದು ಕೂಗುತ್ತಿದ್ದ. ಆವುಲಪ್ಪ ಅವಮಾನದಿಂದ ಟೀವಿ ಹಾಕುವುದನ್ನೇ ಬಿಟ್ಟ.

ಒಂದು ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿನ ಹೊಸ ಡ್ರೈವರು ಅಷ್ಟುದ್ದದ ಬೆಂಚು ನೋಡಿ, ಇದು ಸ್ಟಾಪೇ ಇರಬೇಕೆಂದು ನಿಲ್ಲಿಸಿದ. ಆವುಲಪ್ಪನನ್ನು ನೋಡಿ, "ಸೀಕ್ರಂ ಏರುಂಗ, ಲೇಟಾಚು!" ಎಂದು, ಬೇಗ ಹತ್ತುವಂತೆ ತಮಿಳಿನಲ್ಲಿ ಗದರಿದ. ಗದರಿದ ರಭಸಕ್ಕೆ ಆವುಲಪ್ಪ ಹತ್ತಿಯೇಬಿಟ್ಟ. ಹೊಸೂರಿನ ಫ್ಯಾಕ್ಟರಿ ಗೇಟಿನಲ್ಲಿ ಬ್ಯಾಡ್ಜ್ ಕೇಳಿದಾಗಲೇ ಇಳಿದದ್ದು.

ಮರುದಿನವೂ ಬಸ್ಸು ನಿಂತಿತು. ಈ ಸಲ ಶಶಿಕುಮಾರನೂ ಅವನ ಜೊತೆಗಾರರೂ ಹತ್ತಿದರು. ವಾರದೊಳಗೆ ಅದು ಖಾಯಂ ಸ್ಟಾಪಾಯಿತು.

"ಹಿಂಜರಿತ ಎಲ್ಲೋಯ್ತಣ್ಣಾ?" ಎಂದು ಮುಂದಿನ ಸಭೆಯಲ್ಲಿ ಯಾರೋ ಕೇಳಿದರು.

"ನಾವು ರೆಡಿಯಾಗಿರೋದು ಗೊತ್ತಾಗಿ ವಾಪಸ್ ಹೋಗ್ಬುಡ್ತು" ಅಂದ ಆವುಲಪ್ಪ, ನಗದೆ.

ಈಗ ಅವನು ಅಮೆರಿಕದ ಬಡ್ಡಿದರ ನೋಡಿ ಊರಿಗೆಷ್ಟು ನಲ್ಲಿ ಬೇಕೆಂದು ಯೋಚಿಸುತ್ತಿದ್ದಾನೆ.