ಕನ್ನಡಕದ ಕಣ್ಣಿಗೆ ಭಂಡಾರ

ನಂಬಬೇಡಿ. ನಂಬದಿರಲು ನಿಮ್ಮಿಂದ ಆಗುತ್ತದೋ ಇಲ್ಲವೋ ನೋಡೇಬಿಡೋಣ. ಜಮಖಂಡಿಯ ಒಂದು ಆಪರೇಷನ್ ಕೋಣೆಯಲ್ಲಿ, ಸೊಂಟದಿಂದ ಕೆಳಗೆ ಜೀವವೇ ಇಲ್ಲದಂತೆ ಮಲಗಿದ್ದ ಮುದುಕ ನೇಕಾರನೊಬ್ಬ ಕಡಲಾಚೆಯಿಂದ ಬಂದ ಯಂತ್ರವೊಂದನ್ನು ಬರೀ ಬಾಯಿಮಾತಿನಿಂದ ರಿಪೇರಿ ಮಾಡಿಸಿದ. ಆ ಮುದುಕ ನಾನೇ. ನನ್ನ ಹೆಂಡತಿ ಇವತ್ತಿಗೂ ಇದನ್ನು ನಂಬಿಲ್ಲ. ಆಕೆಯದೂ ತಪ್ಪಲ್ಲ. ಮದುವೆಯಾದ ಹೊಸದರಲ್ಲಿ ಮಗ್ಗದ ಕುಣಿಯಲ್ಲಿ ನಾಗರಹಾವು ಹೊಕ್ಕಿದೆ ಎಂದು ಕೂಗಿ ಆಕೆಯನ್ನು ಅಟ್ಟ ಹತ್ತಿಸಿದವನು, ಆಮೇಲೆ ಏಣಿಯನ್ನೂ ತೆಗೆದಿಟ್ಟವನು ನಾನು.

ಬನಹಟ್ಟಿಯ ನಮ್ಮ ಮನೆಯಲ್ಲಿರುವುದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಮೆಟ್ಟುತ್ತ ಮೇಲೆ ಲಾಳಿ ಓಡಿಸಬೇಕು. ಓಣಿಯ ತುಂಬ ಪವರ್‌ಲೂಮಿನ ಸದ್ದು. ಅದರ ನಡುವೆ ನನ್ನದೊಂದೇ ಮಗ್ಗ ಕೈಯಿಂದ ನಡೆಯುತ್ತಿತ್ತು. ಮೆಟ್ಟಿ ಮೆಟ್ಟಿ ಬಲಮೊಣಕಾಲು ಸವೆದು, ಕುಣಿಗೆ ಇಳಿದರೆ ಮೇಲೆತ್ತಲು ಇಬ್ಬರು ಬೇಕಾದರು. ಹೆಂಡತಿ ತೀರ್ಪು ಕೊಟ್ಟಳು.

"ಆಪರೇಷನ್ ಆಗಿ ಕಾಲು ನೆಟ್ಟಗಾತೋ, ಛಲೋ. ಇಲ್ಲಾಂದ್ರ ಕುಣಿ ಮುಚ್ಚಿಸಿ ಫರಸಿಕಲ್ಲು ಹಾಕಸ್ತೇನಿ. ಎರಡನೇ ಮಾತಿಲ್ಲ."

ಮರುದಿನವೇ ಬಾಗಿಲ ಮುಂದೆ ಒಂದು ಟ್ರ್ಯಾಕ್ಟರ್ ಮಣ್ಣು ಬಂದು ಬಿತ್ತು. ನಾನು ತಮಾಷೆ ಮಾಡುತ್ತೇನೆ, ಆಕೆ ಮಾಡುವುದಿಲ್ಲ.

ಡಾಕ್ಟರ್ ಮುಧೋಳದವರು, ಇನ್ನೂ ಹರೆಯದವರು. ನನ್ನ ಎಕ್ಸ್‌ರೇ ನೋಡಿ ತಲೆ ಕೆರೆದುಕೊಂಡರು. ಹುಡುಗನಿದ್ದಾಗ ನಾಲ್ಕು ಮಂದಿ ನೋಡಲಿ ಎಂದು ಸಂಗ್ರಾಣಿ ಕಲ್ಲು ಎತ್ತಲು ಹೋಗಿ, ಆ ಭಾರದ ಗುಂಡನ್ನು ತೊಡೆಯ ಮೇಲೆಯೇ ಕೆಡವಿಕೊಂಡಿದ್ದೆ. ಮುರಿದ ಎಲುಬು ಬಾಗಿಯೇ ಕೂಡಿತ್ತು.

"ಮೊಣಕಾಲು ಬದಲಿ ಮಾಡೂವಾಗ ಎಲ್ಲಾರಿಗೂ ತೊಡಿ ಎಲುಬಿನೊಳಗ ಸಲಾಕಿ ಹಾಕಿ ಅಳತಿ ನೋಡ್ತೀವ್ರಿ," ಎಂದರು. "ನಿಮ್ಮ ಎಲುಬಿನಾಗ ಸಲಾಕಿ ಹೋಗೂದಿಲ್ಲ. ಅದಕ್ಕ ಈ ಕನ್ನಡಕ ತರಿಸೇನಿ. ಎಲುಬಿಗೆ ಒಂದು ಗುರುತಿನ ಚೀಟಿ ಸಿಗಸ್ತೀನಿ. ಕನ್ನಡಕದ ಕ್ಯಾಮೆರಾ ಅದನ್ನ ನೋಡಿ, ಎಲ್ಲಿ ಕೊಯ್ಯಬೇಕಂತ ನನ್ನ ಕಣ್ಣ ಮುಂದ ಗೆರಿ ಎಳೀತೈತಿ."

"ಗಾಳ್ಯಾಗ?"

"ಅಲ್ರಿ ಅಜ್ಜಾರ, ನಿಮ್ಮ ಕಾಲಿನ ಮ್ಯಾಲ."

ಆಪರೇಷನ್ನಿನ ಹಿಂದಿನ ದಿನ ಮಧ್ಯಾಹ್ನ ವಾರ್ಡಿಗೆ ಕನ್ನಡಕ ತಂದು ನನಗೇ ಹಾಕಿದರು. ಕೈಯಲ್ಲಿ ಪ್ಲಾಸ್ಟಿಕ್ಕಿನ ಮೊಣಕಾಲು ಹಿಡಿದಿದ್ದರು. ಅದರ ಮೇಲೆ ಹಸಿರು ಗೆರೆಯೊಂದು, ಮಗ್ಗದ ಹಾಸಿನಲ್ಲಿ ಬಿಗಿದ ಎಳೆಯಂತೆ, ಯಾರೂ ಹಿಡಿಯದೆ ನಿಂತಿತ್ತು. ಅವರು ಮೊಣಕಾಲು ಹೊರಳಿಸಿದರೆ ಗೆರೆಯೂ ಹೊರಳುತ್ತಿತ್ತು. ಅಷ್ಟರಲ್ಲಿ ನರ್ಸ್ ಬಂದು ಕರೆದಳು. ಡಾಕ್ಟರ್ ಪ್ಲಾಸ್ಟಿಕ್ ಕಾಲನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಿದರು. ಕನ್ನಡಕ ನನ್ನ ಮೂಗಿನ ಮೇಲೆಯೇ ಉಳಿಯಿತು.

ಅದೇ ಹೊತ್ತಿಗೆ ಬೀಳಗಿಯಿಂದ ನನ್ನ ಗೆಳೆಯ ಬರಬೇಕೆ! ಕುರಿ ಸಾಕುವವನು, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಸದಾ ಬೀರೇಶ್ವರನ ಭಂಡಾರದ ಚೀಲ. ಆ ಅರಿಶಿನ ಪುಡಿ ಇಲ್ಲದೆ ಅವನು ಹೊಸ್ತಿಲು ದಾಟುವುದಿಲ್ಲ.

"ಏನಲೇ ಇದು? ಯಾವ ಜಾತ್ರ್ಯಾಗ ಕೊಂಡಿ?"

"ಹಂಗ ನಿಂದ್ರಲೇ. ಇದರಾಗ ಎಲುಬು ಕಾಣ್ತಾವ. ಅಯ್ಯಯ್ಯ! ಎಡಗಡೆ ಪಕ್ಕದ ಎಲುಬು ಎರಡು ಕಡಿಮಿ ಅದಾವಲ್ಲೋ ನಿನಗ!"

ಅವನು ಕಂಬಳಿಯನ್ನು ಎದೆಗೆ ಎಳೆದುಕೊಂಡ. "ಹೊಟ್ಟ್ಯಾಗಿಂದೂ ಕಾಣ್ತೈತೇನು?"

"ಬಸ್‌ಸ್ಟ್ಯಾಂಡಿನಾಗ ಮಿರ್ಚಿ ತಿಂದು ಬಂದಿ. ನಾಕು."

"ಐದು," ಎಂದ, ಪಾಪ, ಪ್ರಾಮಾಣಿಕ ಮನುಷ್ಯ. ಅವನ ಮೀಸೆಯಲ್ಲಿ ಇನ್ನೂ ಎಣ್ಣೆ ಮಿಂಚುತ್ತಿತ್ತು.

ನಾನು ನಕ್ಕು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟೆ. ಅವನು ಅದನ್ನು ಹೊಸ ಹೋರಿ ನೋಡುವಂತೆ ಸುತ್ತಲೂ ನೋಡಿದ.

"ಹೊಸಾ ಹತಾರ. ಪೂಜಿ ಮಾಡ್ಯಾರೋ ಇಲ್ಲೋ?"

ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಯಾವ ಹೊಸ ಹತಾರಕ್ಕೂ ಮೊದಲು ಬೊಟ್ಟು, ಆಮೇಲೆ ಕೆಲಸ. ನಾನು ನೀರು ಕುಡಿಯಲು ಆಚೆ ತಿರುಗಿದೆ. ಈಚೆ ತಿರುಗುವಷ್ಟರಲ್ಲಿ ಕನ್ನಡಕದ ಹಣೆಯ ನಡುವೆ ಭಂಡಾರದ ದಪ್ಪ ಬೊಟ್ಟು ಬಿದ್ದಿತ್ತು. ಧೋತರದ ಚುಂಗಿನಿಂದ ಕಂಡಷ್ಟು ಒರೆಸಿದೆ. ಡಾಕ್ಟರ್ ಬಂದರು, ನೋಡದೆಯೇ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು.

ಮರುದಿನ ಬೆನ್ನಿಗೆ ಸೂಜಿ ಕೊಟ್ಟರು. ಕಾಲು ಯಾರದೋ ಆಗಿಹೋಯಿತು. ಎದೆಯ ಮೇಲೆ ಅಡ್ಡ ಹಸಿರು ಪರದೆ ಕಟ್ಟಿದ್ದರು. ಅದರಾಚೆ ಡಾಕ್ಟರ್ ಕನ್ನಡಕ ಹಾಕಿಕೊಂಡು, ಕೊಯ್ಯುವ ಮೊದಲು ಗುರುತಿನ ಚೀಟಿಯನ್ನು ಹಿಡಿದು ಪರೀಕ್ಷಿಸಿದರು.

"ಇದ್ಯಾಕ ಚೀಟಿ ಓದವಲ್ದು? ಗೆರಿ ಜಿಗಿದಾಡಾಕತ್ತೈತಿ."

ನರ್ಸ್ ಬ್ಯಾಟರಿ ಹಿಡಿದು ನೋಡಿದಳು. "ಸರ್, ಕ್ಯಾಮೆರಾದ ತೂತಿನಾಗ ಹಳದಿ ಪುಡಿ ಕುಂತೈತ್ರಿ."

ಪರದೆಯ ಮೇಲಿಂದ ಒಂದೊಂದಾಗಿ ಮುಖಗಳು ಎದ್ದು ನನ್ನನ್ನೇ ನೋಡಿದವು.

"ಅಜ್ಜಾರ?"

"ನಮ್ಮ ದೋಸ್ತನ ಕೆಲಸರಿ. ಬೀಳಗಿಯಾಂವ."

ಹತ್ತಿ ಹಾಕಿ ನೋಡಿದರು; ಸಾಸಿವೆ ಕಾಳಿನಷ್ಟು ತೂತು, ಹತ್ತಿ ಒಳಗೆ ಇಳಿಯಲಿಲ್ಲ, ಬದಲಿಗೆ ಜುಂಜು ಬಿಟ್ಟಿತು. ಡಾಕ್ಟರ್ ಉಸಿರು ಬಿಟ್ಟರು.

"ಇದು ನಡೀಲಿಲ್ಲಂದ್ರ ಇವತ್ತ ನಿಲ್ಲಸ್ತೀನಿ. ಈ ಬಾಗಿದ ಎಲುಬು ಅಂದಾಜಿನ ಮ್ಯಾಲ ಕೊಯ್ಯೂ ಹಂಗಿಲ್ಲ."

ನಿಲ್ಲಿಸಿದರೆ? ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಳೆ, ಮಣ್ಣು ಬಾಗಿಲಲ್ಲಿ ಬಿದ್ದಿದೆ. ಸಂಜೆಯೊಳಗೆ ಕುಣಿ ನೆಲಸಮ. ಆಗ ತಲೆ ಓಡಿತು ನೋಡಿ! ಲಾಳಿಗೂ ಒಂದು ಕಣ್ಣಿರುತ್ತದೆ, ನೂಲು ಹೊರಬರುವ ಸಣ್ಣ ತೂತು. ನೂಲಿಗೆ ಹಚ್ಚಿದ ಗಂಜಿಯ ಪುಡಿ ತುಂಬಿ ದಿನಕ್ಕೆ ನಾಲ್ಕು ಸಲ ಕಟ್ಟಿಕೊಳ್ಳುತ್ತದೆ.

"ರೇಷ್ಮಿ ಎಳಿ ಐತೇನ್ರಿ?" ಎಂದೆ.

"ಹೊಲಿಗಿ ಹಾಕೂ ರೇಷ್ಮಿ ಐತ್ರಿ," ಎಂದಳು ನರ್ಸ್.

"ನಾಕು ಎಳಿ ಕೂಡಿಸಿ ಹೊಸಿರಿ. ತುದಿ ಬಿಡಸ್ರಿ, ಕುಂಚದಂಗ. ಒತ್ತಬ್ಯಾಡ್ರಿ. ಒಳಗ ಬಿಟ್ಟು ತಿರುವಿ ಹೊರಗ ಎಳೀರಿ."

"ಬಾಯಿಲೆ ಊದಲೇನ್ರಿ?" ಎಂದು ನರ್ಸ್ ಕೇಳಿದಳು.

"ಊದಿದ್ರ ಲಾಳಿನೂ ಕೆಡತೈತಿ, ನೇಕಾರನೂ ಕೆಡತಾನ. ತಿರುವ್ರಿ!"

ಮೂರನೇ ಸಲಕ್ಕೆ ಕಪ್ಪು ರೇಷ್ಮೆಯ ತುದಿ ಹಳದಿಯಾಗಿ ಬಂತು. ಐದನೆಯದಕ್ಕೆ ಕಪ್ಪಾಗಿಯೇ ಬಂತು. ಡಾಕ್ಟರ್ ಚೀಟಿಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ಆಡಿಸಿದರು. ಗೊತ್ತಿದ್ದ ಅಳತೆಗಳನ್ನೆಲ್ಲ ತಾಳೆ ನೋಡಿದರು. ಆಮೇಲೆ ಪರದೆಯಾಚೆ ನಗು ಕೇಳಿಸಿತು.

"ಅಜ್ಜಾರ, ಗೆರಿ ಎಳಿಯಷ್ಟೂ ಅಲುಗವಲ್ದು!"

"ಬನಹಟ್ಟಿ ಕೆಲಸರಿ ಅದು. ಅಲುಗೂದಿಲ್ಲ."

ಅವರು ಮತ್ತೆ ಕೈ ತೊಳೆದು ಬಂದರು, ಗರಗಸ ಗುಂಯ್ ಎಂದಿತು. ನಾನು ಮಲಗಿದಲ್ಲಿಂದಲೇ ಆ ಕೋಣೆಯ ಯಜಮಾನನಾಗಿದ್ದೆ.

ಮರುದಿನ ಗೆಳೆಯ ನೋಡಲು ಬಂದಾಗ ಡಾಕ್ಟರ್ ಅವನನ್ನು ನಿಲ್ಲಿಸಿ ಬೈದರು. "ಏನ್ರಿ ಯಜಮಾನ್ರ, ಹತಾರಕ್ಕ ಪುಡಿ ತುಂಬತೀರಿ, ಬುದ್ಧಿ ಐತೇನು?" ಅವನು ತಲೆ ತಗ್ಗಿಸಿ, "ತಪ್ಪಾತ್ರಿ ಸಾಹೇಬ್ರ," ಎಂದ. ನನ್ನ ಕಡೆ ಒಮ್ಮೆ ನೋಡಿದ, ಅಷ್ಟೇ.

ಮೂರು ತಿಂಗಳು ಹೇಳಿದ ವ್ಯಾಯಾಮವನ್ನೆಲ್ಲ ಮಾಡಿದೆ. ಡಾಕ್ಟರ್ ಹೂಂ ಎಂದ ಮೇಲೆ ಕುಣಿಗೆ ಒಂದು ಮೆಟ್ಟಿಲು ಕಟ್ಟಿಸಿ, ಓಣಿಯವರನ್ನೆಲ್ಲ ಕರೆದು, ಎಲ್ಲರೆದುರು ಇಳಿದೆ. ಬಲಗಾಲು ಹಲಗೆ ಮೆಟ್ಟಿತು, ಲಾಳಿ ಹಾರಿತು. ಮಂದಿ ಹೋ ಎಂದರು. ಹೆಂಡತಿ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಇಳಿಯೂದು ಎಲ್ಲಾರಿಗೂ ಬರತೈತಿ. ಎದ್ದು ತೋರಸ್ರಿ."

ಎದ್ದೆ. ಯಾರ ಕೈಯೂ ಹಿಡಿಯದೆ. ತಡವಾಗಿ ಬಂದವರಿಗಾಗಿ ಇನ್ನೊಮ್ಮೆ ಇಳಿದು ಎದ್ದೆ. ಆಕೆ ಬಾಗಿಲಿಗೆ ಹೋಗಿ, ಆ ಮಣ್ಣನ್ನು ಯಾರಿಗಾದರೂ ಬೇಕಿದ್ದರೆ ಒಯ್ಯಿರಿ ಎಂದು ಓಣಿಗೆಲ್ಲ ಕೇಳುವಂತೆ ಕೂಗಿದಳು.

ಇದರಲ್ಲಿ ಒಂದೇ ಒಂದು ಸುಳ್ಳಿದೆ. ಗೆಳೆಯ ಭಂಡಾರವನ್ನು ನನ್ನ ಅಂಗೈಗೆ ಹಾಕಿ, "ಹಣಿಗೆ ಹಚ್ಚಿಕೊ, ಅಂಜಬ್ಯಾಡ" ಎಂದು ಹೇಳಿ ಬಸ್ಸಿಗೆ ಹೋಗಿದ್ದ. ನನಗೆ ನನ್ನ ಹಣೆಗಿಂತ ಆ ಕನ್ನಡಕದ ಕಣ್ಣಿನದೇ ಚಿಂತೆ ಹೆಚ್ಚಾಗಿತ್ತು. ಬೊಟ್ಟು ಇಟ್ಟ ಬೆರಳು ನನ್ನದು.