ಪರಮಶಿವಯ್ಯನವರ ಅಂಗಳದಲ್ಲಿ ಚಿಪ್ಪು ಬೀಳಲಿಲ್ಲ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಜವಳಿ ಅಂಗಡಿ ಇಟ್ಟಿದ್ದ ಪರಮಶಿವಯ್ಯನವರಿಗೆ ಅನುಮಾನವೆನ್ನುವುದು ಹುಟ್ಟುಗುಣ. ಹಾಲಿನವಳು ಹಾಲು ಸುರಿದರೆ ಬೆರಳದ್ದಿ ನೋಡುವರು. ಕಂಡಕ್ಟರು ನಕ್ಕು ಮಾತಾಡಿಸಿದರೆ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸುವರು. ಬೀಗರ ಮನೆಯಿಂದ ಹೋಳಿಗೆ ಬಂದರೂ ‘ಹಬ್ಬವಿಲ್ಲ ಹರಿದಿನವಿಲ್ಲ, ಈಗ್ಯಾಕೆ ಹೋಳಿಗೆ?’ ಎಂದು ಹೆಂಡತಿಯನ್ನು ಕೇಳಿ, ಆಮೇಲೇ ತಿನ್ನುವರು. ಇಂಥ ಮನುಷ್ಯ ವ್ಯಾಪಾರ ಹೇಗೆ ಮಾಡಿದರು ಅಂತೀರಾ? ಚೆನ್ನಾಗಿಯೇ ಮಾಡಿದರು. ಕೊಳ್ಳುವಾಗ ಯಾರ ಕೈಲೂ ಮೋಸ ಹೋಗಲಿಲ್ಲ, ಮಾರುವಾಗ ಮೋಸ ಮಾಡುವ ಧೈರ್ಯ ಅವರಿಗಿರಲಿಲ್ಲ. ಮೀಟರು ಅಂದರೆ ಮೀಟರೇ. ಸುತ್ತಿನ ಹಳ್ಳಿಗಳವರು ಮದುವೆ ಜವಳಿಗೆ ಅವರ ಅಂಗಡಿಗೇ ಬರುತ್ತಿದ್ದರು.

ಅಂಗಡಿ ಜಗಲಿಯ ಮೇಲೆ ಮಿಷನ್ನು ಹಾಕಿಕೊಂಡು ಕೂರುತ್ತಿದ್ದವನು ದರ್ಜಿ ಮರುಳಪ್ಪ. ಇಬ್ಬರೂ ಒಂದೇ ಮಠದ ಶಾಲೆಯಲ್ಲಿ ಒಟ್ಟಿಗೆ ಪೆಟ್ಟು ತಿಂದವರು. ಒಳಗೆ ಬಟ್ಟೆ ಹರಿದರೆ ಹೊರಗೆ ಹೊಲಿಗೆ, ಹಾಗೆ ನಡೆದಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ರೇಟು ಬಿತ್ತು ನೋಡಿ, ಎಲ್ಲರ ಕೈಯೂ ಕಟ್ಟಿಹೋಯಿತು. ಕೊಬ್ಬರಿ ಬಿದ್ದರೆ ನಮ್ಮ ಕಡೆ ಎಲ್ಲವೂ ಬಿದ್ದಂತೆ. ಗೊತ್ತಾದ ಮದುವೆಗಳು ಮುಂದಕ್ಕೆ ಹೋದವು. ಪರಮಶಿವಯ್ಯನವರು ಲಗ್ನದ ಕಾಲಕ್ಕೆಂದು ತರಿಸಿದ್ದ ಸೀರೆಗಳು ಮಡಿಕೆ ಬಿಚ್ಚದೆ ಕೂತವು. ಆ ಕಾಲ ಕೈಕೊಟ್ಟರೆ ಅಪ್ಪನ ಕಾಲದ ಅಂಗಡಿಗೆ ಬೀಗ ಹಾಕಬೇಕು. ಅದು ಅವರಿಗೂ ಗೊತ್ತಿತ್ತು, ಹೆಂಡತಿ ಗುರುಸಿದ್ದಮ್ಮನಿಗೂ ಗೊತ್ತಿತ್ತು.

ಮೊದಲು ಅವರು ಎಲ್ಲರೂ ಮಾಡುವ ಕೆಲಸ ಮಾಡಿದರು. ‘ಭಾರಿ ರಿಯಾಯಿತಿ’ ಎಂದು ಬೋರ್ಡು ಬರೆಸಿ ಬಾಗಿಲಿಗೆ ಕಟ್ಟಿದರು. ಜನ ಬಂದರು, ಬರಲಿಲ್ಲವೆನ್ನುವಂತಿಲ್ಲ. ಬಂದು ಸೀರೆಯ ಸೆರಗು ಉಜ್ಜಿ ನೋಡಿದರು, ಬಿಸಿಲಿಗೆ ಹಿಡಿದು ನೋಡಿದರು. ‘ಬಣ್ಣ ಬಿಡ್ತದೇನೋ’ ಎಂದು ಪಿಸುಗುಟ್ಟಿ ಎದ್ದು ಹೋದರು. ಮಗಳ ಮದುವೆ ಇಟ್ಟುಕೊಂಡಿದ್ದ ತೋಟದ ತಿಮ್ಮಕ್ಕ ಮಾತ್ರ ಪಿಸುಗುಟ್ಟುವ ಪೈಕಿಯಲ್ಲ.

“ಸಾವ್ಕಾರ್ರೆ, ಇದೇ ಸೀರೆ ಹೋದ್ ವರ್ಷ ನಾನು ತಗಂಡಿದ್ದೆ. ಈಗ ಇಷ್ಟು ಕಮ್ಮಿಗೆ ಕೊಟ್ರೆ ನಿಮಗೆ ಗಿಟ್ಟೋದಾದ್ರೆ, ಆವಾಗ ನನ್ತಾವ ಎಷ್ಟು ಕಿತ್ಕೊಂಡ್ರಿ?”

ಗಿಟ್ಟೋದಿಲ್ಲ ತಾಯಿ, ಕೈಯಿಂದ ಹಾಕಿ ಕೊಡುತ್ತಿದ್ದೇನೆ ಎಂದರೆ ಯಾರು ನಂಬುತ್ತಾರೆ? ಪರಮಶಿವಯ್ಯನವರೇ ಗಿರಾಕಿಯಾಗಿದ್ದರೆ ನಂಬುತ್ತಿರಲಿಲ್ಲ. ಅವತ್ತು ಸಂಜೆಯೇ ಬೋರ್ಡು ಬಿಚ್ಚಿಸಿದರು.

ಎರಡನೆಯ ಉಪಾಯ ಅವರ ಸ್ವಂತದ್ದು. ಸೀರೆಯ ಬೆಲೆಯನ್ನು ಮುಟ್ಟಲಿಲ್ಲ. ಕೊಬ್ಬರಿ ತಂದು ಕೊಡಿ, ಮಾರುಕಟ್ಟೆ ರೇಟಿಗಿಂತ ಕ್ವಿಂಟಾಲಿಗೆ ಐವತ್ತು ರೂಪಾಯಿ ಹೆಚ್ಚು ಹಿಡಿದು ಅಷ್ಟಕ್ಕೂ ಜವಳಿ ಕೊಡುತ್ತೇನೆ ಎಂದು ಸಾರಿದರು. ಕೊಬ್ಬರಿಯಲ್ಲಿ ಕಳೆದದ್ದು ಬಟ್ಟೆಯಲ್ಲಿ ಬರುತ್ತದೆ, ಮಾಲೂ ಓಡುತ್ತದೆ, ಜನಕ್ಕೂ ಮದುವೆ ನಡೆಯುತ್ತದೆ ಎಂಬುದು ಅವರ ಎಣಿಕೆ. ಎಣಿಕೆ ಏನೂ ತಪ್ಪಿರಲಿಲ್ಲ.

ಆದರೆ ಒಂದು ಕೊಬ್ಬರಿಯೂ ಬರಲಿಲ್ಲ! ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಜನ ಮರುಳಪ್ಪನ ಮಿಷನ್ನಿನ ಸುತ್ತ ನಿಂತು ಏನೋ ಮಾತಾಡುವರು, ಪರಮಶಿವಯ್ಯನವರು ಹೊರಗೆ ಇಣುಕಿದರೆ ಸುಮ್ಮನಾಗುವರು. ಒಮ್ಮೆ ಕೆಂಚಪ್ಪನೆಂಬ ರೈತ ಹೇಳಿದ್ದು ಅರ್ಧ ಕಿವಿಗೆ ಬಿತ್ತು.

“ಏನೋ ಐತೆ ಕಣ್ಲಾ. ಬಿಟ್ಟಿ ಐವತ್ತು ರೂಪಾಯಿ ಕೊಡಕ್ಕೆ ಸಾವ್ಕಾರ್ರಿಗೆ ತಲೆ ಕೆಟ್ಟದಾ?”

ಓಹೋ, ಇದು ಮರುಳಪ್ಪನ ಕೆಲಸವೇ ಅಂದುಕೊಂಡರು. ನನ್ನ ಜಗಲಿಯ ಮೇಲೆ ಕೂತು ನನ್ನ ಗಿರಾಕಿಯ ಕಿವಿ ಕಚ್ಚುತ್ತಿದ್ದಾನೆ. ತಿಪಟೂರಿನ ಯಾವ ಅಂಗಡಿಯವನು ಇವನ ಕೈ ಬೆಚ್ಚಗೆ ಮಾಡಿದ್ದಾನೋ! ಹಾಗೆ ಹೊಳೆದದ್ದೇ ತಡ, ಮರುಳಪ್ಪ ನೀರು ಕುಡಿಯುವುದೂ ಸಂಚಿನಂತೆ ಕಾಣತೊಡಗಿತು. ಒಂದು ಬೆಳಿಗ್ಗೆ ತಡೆಯಲಾರದೆ ಅಂದೇಬಿಟ್ಟರು.

“ನಿನ್ ಮಿಷನ್ನು ಬೇರೆ ಕಡೆ ಇಟ್ಕೊಳಪ್ಪ.”

ಮರುಳಪ್ಪ ಯಾಕೆ ಎಂದು ಕೇಳಲಿಲ್ಲ. ಅರ್ಧ ಹೊಲಿದ ರವಿಕೆಯನ್ನು ಮಡಿಸಿ, ಮಿಷನ್ನನ್ನು ಎದುರುಗಡೆ ಹೋಟೆಲಿನ ಮುಂದಕ್ಕೆ ಹೊರಿಸಿಕೊಂಡು ಹೋದ. ಕೇಳಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತು. ಅವನು ಕೇಳದೆ ಹೋದದ್ದಕ್ಕೂ ಪರಮಶಿವಯ್ಯನವರಿಗೆ ಅನುಮಾನವೇ ಬಂತು.

ಕೊನೆಗೆ ವಿಷಯ ಬಿಡಿಸಿ ಹೇಳಿದವಳು ತಿಮ್ಮಕ್ಕ. ಪರಮಶಿವಯ್ಯನವರೇ ಹಾದಿಯಲ್ಲಿ ಅಡ್ಡ ಹಾಕಿ ಕೇಳಿದರೆ ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ನಮ್ ಕೊಬ್ಬರಿ ಕೇಳ್ತೀರಲ್ಲ, ನಿಮ್ ಅಟ್ಟದ್ದು ಯಾಕೆ ಇಳಿಸಿಲ್ಲ? ಈ ವರ್ಷ ನಿಮ್ಮನೆ ಅಂಗಳದಾಗೆ ಒಂದು ಚಿಪ್ಪು ಬಿದ್ದದಾ? ರೇಟು ಏರ್ತದೆ ಅಂತ ನಿಮಗೆ ಎಲ್ಲಿಂದಾನೋ ಗೊತ್ತಾಗೈತೆ. ನಾವೇನು ಕಣ್ಣಿಲ್ದೋರಾ?”

ನಮ್ಮ ಸೀಮೆಯಲ್ಲಿ ಇದು ಎಲ್ಲರಿಗೂ ತಿಳಿದದ್ದೇ. ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಬೇಕು. ಮಾರುವ ಮನಸ್ಸಾದಾಗ ಅಂಗಳಕ್ಕೆ ಇಳಿಸಿ, ಸುಲಿಸಿ, ಚಿಪ್ಪು ಒಡೆಸಿ ಉಂಡೆ ಕೊಬ್ಬರಿ ತೆಗೆಸಬೇಕು. ಒಡೆಸಿದರೆ ಅಂಗಳದಲ್ಲಿ ಚಿಪ್ಪಿನ ರಾಶಿ ಬೀಳುತ್ತದೆ, ದಾರಿಹೋಕರೂ ನೋಡುತ್ತಾರೆ. ಪರಮಶಿವಯ್ಯನವರಿಗೂ ತೋಟವಿತ್ತು, ಅಟ್ಟವೂ ತುಂಬಿತ್ತು. ಇಷ್ಟು ಕೆಳಗೆ ಬಿದ್ದ ರೇಟಿಗೆ ಯಾಕೆ ಕೊಡಬೇಕು, ನೋಡೋಣ ಎಂದು ಅವರೂ ಕಾಯುತ್ತಿದ್ದರು. ತಾವು ಕಾಯುತ್ತ, ಬೇರೆಯವರಿಗೆ ಕೊಬ್ಬರಿ ಮಾರಿರೆಂದು ಹೇಳಿದ್ದರು. ಛೆ, ಇಷ್ಟು ದಿನ ಇದು ತಮಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಬೈಯಲು ಈಗ ಮರುಳಪ್ಪನೂ ಇರಲಿಲ್ಲ.

ಮಾರನೆಯ ದಿನವೇ ಆಳುಗಳನ್ನು ಕರೆಸಿದರು. ಅಟ್ಟ ಖಾಲಿ ಮಾಡಿಸಿ, ಎಲ್ಲರೂ ಕಾಣುವಂತೆ ಒಡೆಸಿ, ಬಿದ್ದ ರೇಟಿಗೇ ತಿಪಟೂರಿಗೆ ಕಳಿಸಿದರು. ಹೊಟ್ಟೆ ಉರಿಯಿತು ನಿಜ. ಆದರೂ ಇನ್ನಾದರೂ ನಂಬುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡರು.

ಜನ ನಂಬಿದರೇ? ನಂಬಲಿಲ್ಲ, ಹೆದರಿದರು! ‘ಸಾವ್ಕಾರ್ರೇ ಒಡೆಸ್ಬುಟ್ರು ಅಂದ್ರೆ ಇನ್ನೂ ಬೀಳ್ತದೆ ಕಣಪ್ಪ’ ಎಂದು ಮನೆಮನೆಯಲ್ಲೂ ಅಟ್ಟ ಇಳಿಸಿದರು. ಗಾಡಿ ಹೂಡಿಕೊಂಡು ಅಂಗಡಿ ಮುಂದೆ ಸಾಲುಗಟ್ಟಿದರು. ತಿಮ್ಮಕ್ಕ ಎಲ್ಲರಿಗಿಂತ ಮೊದಲು ಬಂದು ಮಗಳಿಗೆ ಧಾರೆ ಸೀರೆಯಿಂದ ಹಿಡಿದು ಬೀಗರ ಪಂಚೆಯವರೆಗೆ ಕಟ್ಟಿಸಿಕೊಂಡು ಹೋದಳು. ಕಪಾಟು ಬರಿದಾಯಿತು. ಪರಮಶಿವಯ್ಯನವರು ಬಂದ ಕೊಬ್ಬರಿಯನ್ನು ಒಂದು ಲಾರಿಗೆ ಆಗುವಷ್ಟಾಗಲಿ ಎಂದು ಹಿಂದಿನ ಕೋಣೆಯಲ್ಲಿ ಒಟ್ಟಿಸಿದರು.

ಲಾರಿ ಬರುವುದರೊಳಗೆ ರೇಟು ಏರಿತು. ಸುಮ್ಮನೆ ಏರಲಿಲ್ಲ, ಬಿದ್ದದ್ದೆಲ್ಲ ಎದ್ದು ಮೇಲಕ್ಕೂ ಹೋಯಿತು. ಉತ್ತರದ ವ್ಯಾಪಾರಿಗಳು ಒಟ್ಟಿಗೆ ಕೊಳ್ಳಲು ಇಳಿದರಂತೆ. ಪರಮಶಿವಯ್ಯನವರಿಗೆ ಇದು ಕನಸಿನಲ್ಲೂ ಗೊತ್ತಿರಲಿಲ್ಲ. ಗೊತ್ತಿದ್ದರೆ ತಮ್ಮ ಅಟ್ಟದ್ದನ್ನು ಮಾರುತ್ತಿದ್ದರೇ? ಆದರೆ ಹೋಟೆಲಿನ ಮುಂದೆ ಕೆಂಚಪ್ಪ ಅದನ್ನೇ ಬೇರೆ ತರಹ ಹೇಳಿದ. “ತಮ್ದು ಒಂದಿಷ್ಟು ಒಡೆಸಿ ಆಟ ಕಟ್ಟಿದ್ರು. ನಮ್ದೆಲ್ಲ ಒಳಗೆ ಹಾಕ್ಕಂಡ್ರು.”

ಅವರು ತಿಮ್ಮಕ್ಕನ ಮನೆಗೇ ಹೋದರು. ನಿನ್ನ ಕೊಬ್ಬರಿಯನ್ನು ಏರಿದ ರೇಟಿಗೇ ಹಿಡಿಯುತ್ತೇನೆ, ಹೆಚ್ಚಿಗೆ ಬರುವುದಕ್ಕೆ ದುಡ್ಡು ಬೇಕಾದರೂ ತಗೊ, ಬಟ್ಟೆ ಬೇಕಾದರೂ ತಗೊ ಎಂದರು.

“ಈಗ್ಲೇ ಚುಕ್ತಾ ಮಾಡಕ್ ಬಂದಿದ್ದೀರಿ ಅಂದ್ರೆ ಇನ್ನೂ ಏರ್ತದೆ ಅನ್ನಿ. ಬ್ಯಾಡ ಬುಡಿ ಸಾವ್ಕಾರ್ರೆ.”

ಅಲ್ಲಿಂದ ಮರುಳಪ್ಪನ ಹತ್ತಿರ ಹೋಗಿ, ತಪ್ಪಾಯ್ತು ಕಣಯ್ಯ, ಮಿಷನ್ನು ವಾಪಸ್ ತಗೊಂಡು ಬಾ ಎಂದು ಕರೆದರು. ಮರುಳಪ್ಪ ಕಾಲು ನಿಲ್ಲಿಸದೆ ಹೊಲಿಯುತ್ತಲೇ ಕೇಳಿದ.

“ಈಗ್ಯಾಕೆ ಕರೀತಿದ್ದೀಯ ಪರಮಣ್ಣ? ಏನಾಗ್ಬೇಕಾಗಿತ್ತು?”

ಅಂಗಡಿ ಉಳಿಯಿತು, ಅಷ್ಟಂತೂ ಆಯಿತು. ರಾತ್ರಿ ಊಟಕ್ಕೆ ಕೂತಾಗ ಗುರುಸಿದ್ದಮ್ಮ ಮುದ್ದೆ ಹಾಕಿ, ಸಾರು ಬಿಡದೆ ಎದುರಿಗೇ ಕೂತಳು.

“ರೀ, ನನ್ ಮುಂದೆ ಮಾತ್ರ ನಿಜ ಹೇಳಿ. ನಿಮಗೆ ಮೊದ್ಲೇ ಗೊತ್ತಿತ್ತಲ್ವಾ?”

“ಶಿವನಾಣೆ ಇಲ್ಲ ಕಣೇ.”

“ಆಯ್ತು, ಹೇಳ್ಬ್ಯಾಡಿ.” ಅವಳ ಕಣ್ಣು ತುಂಬಿತ್ತು. “ನಮ್ ಅಂಗಳ ನೋಡಿ ನನ್ ತಮ್ಮನೂ ಒಡೆಸಿ ಮಾರ್ಬುಟ್ಟ. ಊರೋರಿಗೆ ಬುಡಿ, ಅವನಿಗಾದ್ರೂ ಒಂದು ಮಾತು ಹೇಳ್ಬಾರ್ದಾಗಿತ್ತಾ?”